ಸೂಚಿಪರ್ಣ ಅರಣ್ಯ ಮತ್ತು ಸೂರ್ಯನ ಬೆಳಕು

ಮಾರ್ಚ್ ತಿಂಗಳಿನಲ್ಲಿ ಕೆನಡಾ ದೇಶದ ಮಧ್ಯಭಾಗದ ಮೇಲೆ ವಿಮಾನದಲ್ಲಿ ಸಾಗುವವರಿಗೆ ಕೆಳಗಿನ ನೆಲವು ಎರಡೇ ಬಣ್ಣಗಳಲ್ಲಿ ಕಾಣುತ್ತದೆ. ಹೆಪ್ಪುಗಟ್ಟಿದ ಸರೋವರಗಳು, ಹುಲ್ಲುಗಾವಲುಗಳು, ಪೈರು ಕೊಯ್ದ ಹೊಲಗಳು ಕಣ್ಣು ಕೋರೈಸುವಷ್ಟು ಬೆಳ್ಳಗಿರುತ್ತವೆ. ಅವುಗಳ ನಡುವೆ ಹಬ್ಬಿಕೊಂಡ ಕಾಡು ಮಾತ್ರ ಮಸಿ ಚೆಲ್ಲಿದಂತೆ ಕಪ್ಪಗಿರುತ್ತದೆ. ಎರಡರ ಮೇಲೂ ಬಿದ್ದುದು ಒಂದೇ ಹಿಮ, ಒಂದೇ ಬಿಸಿಲು. ಕಾಡಿನೊಳಕ್ಕೆ ಇಳಿದು ನೋಡಿದರೆ ಮರಗಳ ಬುಡದಲ್ಲಿಯೂ ದಟ್ಟವಾದ ಹಿಮವಿದೆ. ಹೀಗಿದ್ದೂ ಮೇಲಿನಿಂದ ನೋಡುವವನಿಗೆ ಆ ಹಿಮ ಏಕೆ ಕಾಣಿಸದು? ಅದರ ಮೇಲೆ ಬೀಳಬೇಕಾಗಿದ್ದ ಬೆಳಕು ಎಲ್ಲಿಗೆ ಹೋಯಿತು? ಪ್ರಶ್ನೆ ಸಣ್ಣದೆಂದು ತೋರಬಹುದು. ಆದರೆ ಇದನ್ನು ಸರಿಯಾಗಿ ವಿಚಾರಿಸದೆ ಇದ್ದುದರಿಂದ ಜಗತ್ತಿನ ಅತ್ಯುತ್ತಮ ಹವಾಮಾನ ಕೇಂದ್ರವೊಂದು ವರ್ಷಗಳ ಕಾಲ ತಪ್ಪು ಲೆಕ್ಕ ಹಾಕಿತು. ಉತ್ತರದಲ್ಲಿ ಗಿಡ ನೆಡುವುದರಿಂದ ಭೂಮಿ ತಂಪಾಗುತ್ತದೆಯೋ ಬಿಸಿಯಾಗುತ್ತದೆಯೋ ಎಂಬ ವಿವಾದವೂ ಇಲ್ಲಿಂದಲೇ ಹುಟ್ಟಿತು. ನಮ್ಮ ಮುಂಗಾರಿನವರೆಗೂ ಇದರ ಎಳೆ ಬಂದು ಮುಟ್ಟುತ್ತದೆ.

ಈ ಕಾಡುಗಳು ಪೈನ್, ಸ್ಪ್ರೂಸ್, ಫರ್, ಲಾರ್ಚ್ ಮೊದಲಾದ ಮರಗಳಿಂದ ಕೂಡಿದವು. ಬೀಜಗಳನ್ನು ಶಂಕುವಿನಾಕಾರದ ಕಾಯಿಗಳಲ್ಲಿ ಹೊರುವುದರಿಂದ ಇವುಗಳಿಗೆ ಶಂಕುಧಾರಿಗಳೆಂದೂ, ಎಲೆಗಳು ಸೂಜಿಯಂತಿರುವುದರಿಂದ ಸೂಚಿಪರ್ಣಿಗಳೆಂದೂ ಹೆಸರು. ಅಲಾಸ್ಕ, ಕೆನಡಾ, ನಾರ್ವೆ, ಸ್ವೀಡನ್, ಫಿನ್‌ಲೆಂಡ್ ಮತ್ತು ರಷ್ಯಗಳನ್ನು ಬಳಸಿ ಉತ್ತರ ಗೋಳಾರ್ಧದ ನೆತ್ತಿಗೆ ಪಟ್ಟಿ ಕಟ್ಟಿದಂತೆ ಇವು ಹಬ್ಬಿವೆ. ಜಗತ್ತಿನ ಒಟ್ಟು ಅರಣ್ಯದಲ್ಲಿ ಕಾಲುಭಾಗಕ್ಕಿಂತ ಹೆಚ್ಚು ಈ ಉತ್ತರದ ಪಟ್ಟಿಯಲ್ಲಿಯೇ ಇದೆ. ನಮ್ಮ ಹಿಮಾಲಯದ ದೇವದಾರು, ಚೀರ್ ಪೈನ್‌ಗಳು ಇದೇ ವರ್ಗದವು. ಕರ್ನಾಟಕದಲ್ಲಿ ಸರ್ವೆ ಮರವನ್ನು ಕಂಡು ಇದೂ ಸೂಚಿಪರ್ಣಿಯೆಂದು ಭಾವಿಸುವವರುಂಟು. ಅದು ಸರಿಯಲ್ಲ. ಸರ್ವೆಯು ಹೂಬಿಡುವ ಸಸ್ಯಗಳ ಗುಂಪಿಗೆ ಸೇರಿದುದು. ಅದರ 'ಸೂಜಿ'ಯು ಎಲೆಯಲ್ಲ, ಹಸಿರು ಕಡ್ಡಿ. ದಕ್ಷಿಣ ಭಾರತಕ್ಕೆ ಸಹಜವಾದ ಶಂಕುಧಾರಿ ವೃಕ್ಷವು ಒಂದೇ ಒಂದು. ಪಶ್ಚಿಮ ಘಟ್ಟಗಳಲ್ಲಿ ವಿರಳವಾಗಿ ಬೆಳೆಯುವ ಅದರ ಎಲೆಯಾದರೋ ಅಗಲವಾಗಿದೆ! ಆದುದರಿಂದ ಈ ವಿಷಯವನ್ನು ತಿಳಿಯಬೇಕಾದರೆ ಮನಸ್ಸಿನಲ್ಲಾದರೂ ಉತ್ತರಕ್ಕೆ ಪ್ರಯಾಣ ಮಾಡಲೇಬೇಕು.

ಯಾವುದೇ ಮೇಲ್ಮೈ ತನ್ನ ಮೇಲೆ ಬಿದ್ದ ಸೂರ್ಯನ ಬೆಳಕಿನಲ್ಲಿ ಎಷ್ಟನ್ನು ಮರಳಿ ಆಕಾಶಕ್ಕೆ ಕಳುಹಿಸುತ್ತದೆಯೋ ಆ ಪಾಲಿಗೆ 'ಆಲ್ಬೆಡೊ' ಎಂದು ಹೆಸರು. ಕನ್ನಡದಲ್ಲಿ ಅದನ್ನು ಪ್ರತಿಫಲನಾಂಶವೆನ್ನಬಹುದು. ಹೊಸದಾಗಿ ಬಿದ್ದ ಹಿಮದ ಪ್ರತಿಫಲನಾಂಶ ಶೇಕಡಾ 80ಕ್ಕೂ ಹೆಚ್ಚು. ಹಿಮ ಮುಸುಕಿದ ಕಾಡಿನದು ಎಷ್ಟು? ಇದಕ್ಕೆ ನಿಖರವಾದ ಉತ್ತರ ದೊರೆತುದು 1994 ಮತ್ತು 1996ರಲ್ಲಿ ಅಮೆರಿಕ ಮತ್ತು ಕೆನಡಾಗಳ ವಿಜ್ಞಾನಿಗಳು ಸೇರಿ ನಡೆಸಿದ 'ಬೋರಿಯಾಸ್' ಎಂಬ ಮಹಾಪ್ರಯೋಗದಿಂದ. ಸಸ್ಕಾಚೆವಾನ್ ಮತ್ತು ಮ್ಯಾನಿಟೋಬ ಪ್ರಾಂತಗಳ ಕಾಡುಗಳಲ್ಲಿ ಮರಗಳ ತಲೆಯನ್ನು ಮೀರಿದ ಗೋಪುರಗಳನ್ನು ನಿಲ್ಲಿಸಿ, ಮೇಲಿನಿಂದ ಬೀಳುವ ಬೆಳಕನ್ನೂ ಕೆಳಗಿನಿಂದ ಮರಳುವ ಬೆಳಕನ್ನೂ ಹಗಲುದ್ದಕ್ಕೂ ಅಳೆದರು. ಆಲನ್ ಬೆಟ್ಸ್ ಮತ್ತು ಜಾನ್ ಬಾಲ್ ಎಂಬ ಇಬ್ಬರು ಈ ಅಳತೆಗಳನ್ನು ಕ್ರೋಡೀಕರಿಸಿ 1997ರಲ್ಲಿ ಪ್ರಕಟಿಸಿದರು. ಚಳಿಗಾಲದಲ್ಲಿ ಹಿಮ ಹೊದ್ದ ಹುಲ್ಲುಗಾವಲು ಶೇಕಡಾ 75ರಷ್ಟು ಬೆಳಕನ್ನು ಹಿಂದಿರುಗಿಸುತ್ತಿತ್ತು. ಎಲೆಯುದುರಿಸಿ ನಿಂತ ಆಸ್ಪೆನ್ ತೋಪು ಶೇಕಡಾ 21ನ್ನು. ಜ್ಯಾಕ್ ಪೈನ್ ಕಾಡು ಶೇಕಡಾ 15ನ್ನು. ಸ್ಪ್ರೂಸ್ ಕಾಡು ಕೇವಲ ಶೇಕಡಾ 11ನ್ನು. ಬೇಸಿಗೆಯಲ್ಲಿ ಹುಲ್ಲಿನದು ಶೇಕಡಾ 20ಕ್ಕೆ ಇಳಿದರೆ ಸೂಚಿಪರ್ಣ ಅರಣ್ಯದ್ದು ಸುಮಾರು 8. ಅಂದರೆ ಹಿಮ ಬಂದರೂ ಹೋದರೂ ಈ ಕಾಡು ಹೆಚ್ಚು ಕಡಿಮೆ ಒಂದೇ ರೀತಿಯಾಗಿ ಕಪ್ಪಗಿರುತ್ತದೆ.

ಈ ಅಂಕಿಗಳ ಅರ್ಥ ಸ್ಪಷ್ಟವಾಗಬೇಕಾದರೆ ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಪ್ರತಿ ಚದರ ಮೀಟರಿನ ಮೇಲೆ 500 ವಾಟ್ ಬಿಸಿಲು ಬೀಳುತ್ತದೆಂದು ಇಟ್ಟುಕೊಳ್ಳೋಣ. ಹಿಮ ಮುಚ್ಚಿದ ಹುಲ್ಲುಗಾವಲು ಅದರಲ್ಲಿ 125 ವಾಟನ್ನು ಮಾತ್ರ ಉಳಿಸಿಕೊಳ್ಳುತ್ತದೆ. ಪಕ್ಕದಲ್ಲಿಯೇ ಇರುವ ಸ್ಪ್ರೂಸ್ ಕಾಡು 445 ವಾಟನ್ನು ನುಂಗುತ್ತದೆ. ಆ ಕಾಲದಲ್ಲಿ ನೆಲ ಇನ್ನೂ ಹೆಪ್ಪುಗಟ್ಟಿರುವುದರಿಂದ ಬೇರುಗಳಿಗೆ ನೀರು ದೊರೆಯದು. ನೀರಿಲ್ಲದ ಮರ ಆವಿಯನ್ನು ಬಿಡಲಾರದು. ಆದುದರಿಂದ ನುಂಗಿದ ಶಕ್ತಿಯ ಬಹುಪಾಲು ಗಾಳಿಯನ್ನು ಕಾಯಿಸುವುದಕ್ಕೇ ವಿನಿಯೋಗವಾಗುತ್ತದೆ. ಸುತ್ತಲೂ ಹಿಮರಾಶಿ ಇದ್ದರೂ ಮರಳುಗಾಡಿನ ಮೇಲಿನಂತೆ ಬಿಸಿಗಾಳಿ ಮೇಲೇಳುವುದನ್ನು ಕಂಡ ಪ್ರಯೋಗಕರ್ತರು ಈ ಕಾಡನ್ನು 'ಹಸಿರು ಮರುಭೂಮಿ' ಎಂದು ಕರೆದರು.

ಇಂಗ್ಲೆಂಡಿನ ರೆಡಿಂಗ್ ನಗರದಲ್ಲಿರುವ ಐರೋಪ್ಯ ಹವಾಮುನ್ಸೂಚನಾ ಕೇಂದ್ರಕ್ಕೆ ಈ ಅಳತೆಗಳು ಕಣ್ಣು ತೆರೆಸಿದವು. ಆ ಕೇಂದ್ರದ ಗಣಕಯಂತ್ರದ ಲೆಕ್ಕದಲ್ಲಿ, ಹಿಮ ಬಿದ್ದರೆ ಕಾಡಿನ ಪ್ರತಿಫಲನಾಂಶವೂ ಶೇಕಡಾ 80ರವರೆಗೆ ಏರುತ್ತದೆಂದು ಭಾವಿಸಲಾಗಿತ್ತು. ಹಿಮ ಬೆಳ್ಳಗಿದೆ, ಕಾಡಿನ ಮೇಲೆ ಹಿಮ ಬಿದ್ದಿದೆ, ಆದುದರಿಂದ ಕಾಡೂ ಬೆಳ್ಳಗಾಯಿತು ಎಂಬುದು ತರ್ಕ. ಕುಳಿತಲ್ಲಿಯೇ ಕಟ್ಟಿದ ತರ್ಕಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ದೊರೆಯುವುದು ಕಷ್ಟ. ಇದರ ಪರಿಣಾಮವಾಗಿ ವಸಂತಕಾಲದಲ್ಲಿ ಉತ್ತರದ ಪ್ರದೇಶಗಳ ಮೇಲೆ ಇರುವುದಕ್ಕಿಂತ ಹೆಚ್ಚಿನ ಚಳಿಯನ್ನು ಆ ಲೆಕ್ಕ ಸತತವಾಗಿ ಮುನ್ನುಡಿಯುತ್ತಿತ್ತು. ಬೋರಿಯಾಸ್ ಅಳತೆಗಳನ್ನು ಅನುಸರಿಸಿ 1996ರ ಕೊನೆಯಲ್ಲಿ ಆ 80ನ್ನು 20ಕ್ಕೆ ಇಳಿಸಿದೊಡನೆಯೇ ತಪ್ಪಿನ ಬಹುಭಾಗ ಮಾಯವಾಯಿತು. ಪೆಡ್ರೊ ವಿಟರ್ಬೊ ಮತ್ತು ಆಲನ್ ಬೆಟ್ಸ್ ಅವರು 1999ರಲ್ಲಿ ಇದರ ವಿವರವನ್ನು ಪ್ರಕಟಿಸಿದರು.

ಇನ್ನು ಕಾಡು ಕಪ್ಪಾಗುವುದು ಹೇಗೆಂಬುದನ್ನು ನೋಡೋಣ. ಮೊದಲನೆಯ ಕಾರಣ ಸೂರ್ಯನು ನಿಲ್ಲುವ ಎತ್ತರ. 60 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಹಗಲು ಇರುಳು ಸಮನಾದ ಮಾರ್ಚ್ ದಿನದ ನಡುಹಗಲಿನಲ್ಲಿಯೂ ಸೂರ್ಯನು ದಿಗಂತದಿಂದ 30 ಡಿಗ್ರಿಯಷ್ಟು ಮಾತ್ರ ಮೇಲಿರುತ್ತಾನೆ. ಆಗ 15 ಮೀಟರ್ ಎತ್ತರದ ಮರದ ನೆರಳು 26 ಮೀಟರ್ ದೂರ ಚಾಚುತ್ತದೆ. ಅದೇ ದಿನ, ಅದೇ ವೇಳೆಯಲ್ಲಿ, ಅಷ್ಟೇ ಎತ್ತರದ ಮರದ ನೆರಳು ಬೆಂಗಳೂರಿನಲ್ಲಿ ಮೂರೂವರೆ ಮೀಟರನ್ನು ದಾಟದು. ಮರಗಳು ವಿರಳವಾಗಿದ್ದರೂ ಸರಿಯೆ, ಓರೆಯಾಗಿ ಬರುವ ಕಿರಣ ನೆಲದ ಹಿಮವನ್ನು ತಲಪುವುದಕ್ಕೆ ಮುನ್ನ ಯಾವುದಾದರೊಂದು ಮರದ ಮೈಗೆ ತಾಗಿಯೇ ತೀರುತ್ತದೆ. ಕೊಂಬೆಗಳ ಮೇಲೆ ಕುಳಿತ ಹಿಮವಾದರೂ ಬೆಳಕನ್ನು ಹಿಂದಿರುಗಿಸಬಾರದೆ ಎಂದು ಕೇಳಬಹುದು. ಗಾಳಿ ಬೀಸಿದಾಗ, ಬಿಸಿಲು ತಾಗಿದಾಗ ಅದು ಜಾರಿ ಬೀಳುತ್ತದೆ. ಅದು ನಿಂತಿದ್ದಾಗಲೂ ಹೆಚ್ಚಿನ ವ್ಯತ್ಯಾಸವಾಗುವುದಿಲ್ಲವೆಂದು ಸಸ್ಕಾಚೆವಾನಿನ ಪೈನ್ ಕಾಡಿನಲ್ಲಿ ನಡೆದ ಅಳತೆಗಳು ತೋರಿಸಿವೆ. ಕೊಂಬೆಯ ಹಿಮದಿಂದ ಚದರಿದ ಬೆಳಕು ಪಕ್ಕದ ಕೊಂಬೆಯ ಸೂಜಿಗಳಿಗೆ ಸಿಕ್ಕಿಬೀಳುತ್ತದೆ.

ಎರಡನೆಯ ಕಾರಣ ಹೆಚ್ಚು ಸ್ವಾರಸ್ಯವಾದುದು. ಒಂದು ಪೈನ್ ಸೂಜಿಯನ್ನು ಕಿತ್ತು ಪ್ರಯೋಗಶಾಲೆಯಲ್ಲಿ ಪರೀಕ್ಷಿಸಿದರೆ ಅದು ಅಷ್ಟೇನೂ ಕಪ್ಪಾದ ವಸ್ತುವಲ್ಲ. ಕೆಂಪು ಮತ್ತು ನೀಲಿ ಬೆಳಕನ್ನು ಅದರ ಪತ್ರಹರಿತ್ತು ಹೀರಿಕೊಳ್ಳುವುದು ನಿಜ. ಆದರೆ ಸೂರ್ಯನ ಶಕ್ತಿಯಲ್ಲಿ ಸುಮಾರು ಅರ್ಧದಷ್ಟು ಕಣ್ಣಿಗೆ ಕಾಣದ ಅವಕೆಂಪು ಕಿರಣಗಳ ರೂಪದಲ್ಲಿದೆ, ಆ ಕಿರಣಗಳು ಪತ್ರಹರಿತ್ತಿಗೆ ಬೇಡ. ಕೆಂಪಿಗೆ ಹತ್ತಿರದ ಅವಕೆಂಪು ಕಿರಣಗಳಲ್ಲಿ ನೂರಕ್ಕೆ 90 ಪಾಲನ್ನು ಸೂಜಿಯು ಹೀರದೆಯೇ ಎಲ್ಲ ದಿಕ್ಕುಗಳಿಗೂ ಚದರಿಸಿಬಿಡುತ್ತದೆ. ಅಗಲ ಎಲೆಯ ಮರಗಳ ಎಲೆಗಳೂ ಹೀಗೆಯೇ ಮಾಡುತ್ತವೆ. ಎಲೆಗೆ ಎಲೆ ಸಮನಾಗಿರುವಾಗ ಕಾಡಿಗೆ ಕಾಡು ಏಕೆ ಸಮನಾಗಿಲ್ಲ?

ಇದಕ್ಕೆ ಉತ್ತರವನ್ನು ಶಾಲೆಯ ಕೊಠಡಿಯಲ್ಲಿಯೇ ತೋರಿಸಬಹುದು. ಕ್ಷೌರದ ಬ್ಲೇಡು ಕನ್ನಡಿಯಂತೆ ಹೊಳೆಯುವ ಉಕ್ಕಿನ ತುಂಡು. ಅಂತಹ ಹಲವು ಬ್ಲೇಡುಗಳನ್ನು ಒಂದರ ಮೇಲೊಂದು ಜೋಡಿಸಿ ಬಿಗಿದು, ಅಂಚುಗಳ ಕಡೆಯಿಂದ ನೋಡಿದರೆ ಆ ಕಟ್ಟು ಕಾಡಿಗೆಯಷ್ಟು ಕಪ್ಪಗೆ ಕಾಣುತ್ತದೆ. (ಉಪಾಧ್ಯಾಯರು ತಾವೇ ಹಿಡಿದು ತೋರಿಸುವುದು ಕ್ಷೇಮ.) ಉಕ್ಕಿನ ಗುಣ ಬದಲಾಗಲಿಲ್ಲ, ಆದರೆ ಎರಡು ಅಂಚುಗಳ ನಡುವಣ ಸಂದಿಗೆ ನುಗ್ಗಿದ ಕಿರಣ ಆ ಗೋಡೆಗೂ ಈ ಗೋಡೆಗೂ ಬಡಿಯುತ್ತ ಒಳಕ್ಕೆ ಸರಿಯುತ್ತದೆ, ಬಡಿದಾಗಲೆಲ್ಲ ತನ್ನಲ್ಲಿ ಸ್ವಲ್ಪವನ್ನು ಕಳೆದುಕೊಳ್ಳುತ್ತದೆ, ಕೊನೆಗೆ ಹೊರಬರಲು ಏನೂ ಉಳಿಯುವುದಿಲ್ಲ. ಕಪ್ಪು ರೇಷ್ಮೆಗಿಂತ ಕಪ್ಪು ಮಖಮಲ್ಲು ಇನ್ನೂ ಕಪ್ಪಾಗಿ ಕಾಣುವುದೂ ಇದೇ ಕಾರಣದಿಂದ.

ಸೂಚಿಪರ್ಣ ಅರಣ್ಯವು ಇಂತಹ ಮಖಮಲ್ಲು. ಲೆಕ್ಕವನ್ನು ಹೀಗೆ ಹಾಕಬಹುದು: 100 ಪಾಲು ಅವಕೆಂಪು ಬೆಳಕು ಸೂಜಿಗಳಿಗೆ ತಾಗಿತು, 10 ಪಾಲು ಹೀರಲ್ಪಟ್ಟು 90 ಚದರಿತು. ಹಾಗೆ ಚದರಿದುದರಲ್ಲಿ ಐದರಲ್ಲಿ ನಾಲ್ಕು ಭಾಗ ಇನ್ನೊಂದು ಸೂಜಿಗೆ ತಾಗುತ್ತದೆಂದು ಇಟ್ಟುಕೊಂಡರೆ, ಮೊದಲ ಸುತ್ತಿನಲ್ಲಿ ಹೊರಬಂದುದು 18 ಪಾಲು, ಮತ್ತೆ ತಾಗಿದುದು 72. ಆ 72ರಲ್ಲಿ ಏಳು ಪಾಲು ಹೋಗುತ್ತದೆ, ಉಳಿದ 65ರಲ್ಲಿ 13 ಹೊರಬರುತ್ತದೆ, 52 ಮತ್ತೆ ತಾಗುತ್ತದೆ. ಹೀಗೆ ಕೊನೆಯವರೆಗೆ ಕೂಡಿದರೆ ಹೊರಬಿದ್ದುದು ಒಟ್ಟು 64, ನುಂಗಿಹೋದುದು 36. ಒಂಟಿ ಸೂಜಿ ಹತ್ತನ್ನು ಹೀರುತ್ತಿದ್ದಲ್ಲಿ ಸೂಜಿಗಳ ಸಮೂಹ ಮೂವತ್ತಾರನ್ನು ಹೀರಿತು. ಹೊರಬಿದ್ದ 64ರಲ್ಲಿಯೂ ಒಂದು ಭಾಗ ಮೇಲಕ್ಕೆ ಬಾರದೆ ಕೆಳಗಿನ ಪಾಚಿ, ತೊಗಟೆ, ಒಣಕಡ್ಡಿಗಳ ಪಾಲಾಗುತ್ತದೆ. ಕೆಂಪು ಬೆಳಕಿನ ಗತಿ ಇನ್ನೂ ಶೋಚನೀಯ: ಒಂಟಿ ಸೂಜಿಯು ನೂರರಲ್ಲಿ ಹತ್ತನ್ನು ಚದರಿಸಿದರೆ ಇದೇ ಲೆಕ್ಕದಲ್ಲಿ ಸಮೂಹದಿಂದ ಹೊರಬರುವುದು ಎರಡು ಪಾಲು ಮಾತ್ರ.

ಬೆಳಕಿನ ಕಣವೊಂದು ಒಂದು ಎಲೆಯಿಂದ ಹೊರಟು ಇನ್ನೊಂದು ಎಲೆಗೆ ಡಿಕ್ಕಿ ಹೊಡೆಯುವ ಈ ಸಂಭವವೇ ಇಡೀ ಶಾಸ್ತ್ರದ ಕೀಲಿ. ಸಸ್ಯಸಮೂಹದೊಳಗೆ ಬೆಳಕು ಸಂಚರಿಸುವ ಬಗೆಯನ್ನು ಗಣಿತಕ್ಕೆ ಒಳಪಡಿಸಿದವರಲ್ಲಿ ಎಸ್ಟೋನಿಯ ದೇಶದ ಯುಹಾನ್ ರೋಸ್ ಅವರು ಅಗ್ರಗಣ್ಯರು. 1975ರಲ್ಲಿ ರಷ್ಯನ್ ಭಾಷೆಯಲ್ಲಿಯೂ 1981ರಲ್ಲಿ ಇಂಗ್ಲಿಷಿನಲ್ಲಿಯೂ ಬಂದ ಅವರ ಗ್ರಂಥ ಇಂದಿಗೂ ಈ ವಿಷಯಕ್ಕೆ ಬುನಾದಿ. ಆದರೆ ಎಲೆಗಳು ಗಾಳಿಯಲ್ಲಿ ಸಮನಾಗಿ ಹರಡಿವೆ ಎಂದು ಭಾವಿಸಿ ಮಾಡಿದ ಲೆಕ್ಕಗಳು ಸೂಜಿಯೆಲೆಗಳ ವಿಷಯದಲ್ಲಿ ಸರಿಹೋಗುತ್ತಿರಲಿಲ್ಲ. ಸೂಜಿಗಳು ಬಿಡಿಬಿಡಿಯಾಗಿರುವುದಿಲ್ಲ, ಕಿರುರೆಂಬೆಯ ಸುತ್ತ ಸೀಸೆ ತೊಳೆಯುವ ಕುಂಚದಂತೆ ಗೊಂಚಲಾಗಿರುತ್ತವೆ. ಫಿನ್‌ಲೆಂಡಿನ ಸಾಂಪೊ ಸ್ಮೊಲಾಂಡರ್ ಮತ್ತು ಪೌಲಿನ್ ಸ್ಟೆನ್‌ಬರಿ ಅವರು 2003ರಲ್ಲಿ ಈ ಗೊಂಚಲಿನೊಳಗಿನ ಡಿಕ್ಕಿಗಳನ್ನು ಎಣಿಸುವ ಸರಳ ಸೂತ್ರವೊಂದನ್ನು ಕೊಟ್ಟರು. ಉಬ್ಬು ಮೈಯ ಯಾವುದೇ ವಸ್ತುವನ್ನು ಎಲ್ಲ ದಿಕ್ಕುಗಳಿಂದಲೂ ಬೆಳಕಿಗೆ ಹಿಡಿದರೆ ಅದರ ನೆರಳಿನ ಸರಾಸರಿ ವಿಸ್ತಾರ ಅದರ ಮೈಯ ವಿಸ್ತಾರದ ಕಾಲುಭಾಗವಾಗಿರುತ್ತದೆಂಬುದು ಕೋಷಿ ಎಂಬ ಫ್ರೆಂಚ್ ಗಣಿತಜ್ಞನ ಹಳೆಯ ಪ್ರಮೇಯ. ಸೂಜಿಗಳು ಒಂದಕ್ಕೊಂದು ಅಡ್ಡ ಬರದಿದ್ದರೆ ಗೊಂಚಲಿನ ನೆರಳೂ 0.25 ಇರಬೇಕಾಗಿತ್ತು. ಸ್ಕಾಟ್ಸ್ ಪೈನ್ ಗೊಂಚಲಿನಲ್ಲಿ ಅದು ಸುಮಾರು 0.14 ಮಾತ್ರ. ಇದನ್ನು ನಾಲ್ಕರಿಂದ ಗುಣಿಸಿ ಒಂದರಿಂದ ಕಳೆದರೆ ಬರುವ 0.44 ಎಂಬುದೇ ಮರುಡಿಕ್ಕಿಯ ಸಂಭವ. ಕಿರಣವು ಗೊಂಚಲನ್ನು ಬಿಟ್ಟು ಹೊರಡುವುದಕ್ಕೆ ಮೊದಲೇ ನೂರರಲ್ಲಿ 44 ಸಲ ಅದೇ ಗೊಂಚಲಿನ ಇನ್ನೊಂದು ಸೂಜಿಗೆ ಸಿಕ್ಕಿಬೀಳುತ್ತದೆಂದಾಯಿತು. ಬರಿಯ ನೆರಳನ್ನು ಅಳೆದು ಬೆಳಕಿನ ಗತಿಯನ್ನು ತಿಳಿಯುವ ಈ ಉಪಾಯ ನಿಜವಾಗಿಯೂ ಮೆಚ್ಚತಕ್ಕದ್ದು.

ಗೊಂಚಲಿನ ಮೇಲೆ ಕೊಂಬೆ, ಕೊಂಬೆಯ ಮೇಲೆ ಗೋಪುರಾಕಾರದ ಮರ, ಮರಮರದ ನಡುವೆ ಕತ್ತಲ ಕಂದರ, ಹೀಗೆ ಬಲೆಯೊಳಗೆ ಬಲೆ. ಇದರಿಂದ ಇನ್ನೊಂದು ವೈಚಿತ್ರ್ಯ ಉಂಟಾಗುತ್ತದೆ: ಕಾಡು ಎಲ್ಲ ದಿಕ್ಕಿನಿಂದಲೂ ಒಂದೇ ಸಮನೆ ಕಪ್ಪಲ್ಲ. ಸೂರ್ಯನಿಗೆ ಬೆನ್ನು ಮಾಡಿ ಮೇಲಿನಿಂದ ನೋಡಿದರೆ ಪ್ರತಿಯೊಂದು ಮರದ ನೆರಳೂ ಅದರ ಹಿಂದೆಯೇ ಅಡಗಿ ಕಾಡು ಬೆಳಗಿದಂತಿರುತ್ತದೆ. ಸೂರ್ಯನಿಗೆದುರಾಗಿ ನೋಡಿದರೆ ನೆರಳಿನ ಮಗ್ಗುಲೇ ಕಾಣುತ್ತದೆ. 2000ದಿಂದೀಚೆಗೆ ಟೆರ್ರಾ ಉಪಗ್ರಹದ ಉಪಕರಣಗಳು ಬೇರೆ ಬೇರೆ ಕೋನಗಳಿಂದ ಪಡೆದ ನೋಟಗಳನ್ನು ಕೂಡಿಸಿಯೇ ಕಾಡುಗಳ ಪ್ರತಿಫಲನಾಂಶವನ್ನು ನಿರ್ಧರಿಸಲಾಗುತ್ತಿದೆ.

ಇಷ್ಟರ ಮೇಲೆ ಏಳುವ ಪ್ರಶ್ನೆ ಹಿರಿದು. ಅಮೆರಿಕದ ಗೋರ್ಡನ್ ಬೋನನ್ ಮತ್ತು ಸಂಗಡಿಗರು 1992ರಲ್ಲಿಯೇ, ಉತ್ತರದ ಈ ಕಾಡು ಇಲ್ಲವಾದರೆ ಹಿಮ ಬಯಲಾಗಿ ಆ ಪ್ರದೇಶವೆಲ್ಲ ಗಣನೀಯವಾಗಿ ತಂಪಾಗುವುದೆಂದು ಗಣಕಯಂತ್ರದ ಮೂಲಕ ತೋರಿಸಿದ್ದರು. ಮರಗಳು ಇಂಗಾಲದ ಡೈಆಕ್ಸೈಡನ್ನು ಹೀರಿ ಭೂಮಿಯನ್ನು ತಂಪುಗೊಳಿಸುತ್ತವೆ, ನಿಜ. ಆದರೆ ಹಿಮದ ನಾಡಿನಲ್ಲಿ ಅವು ಬೆಳಕನ್ನೂ ಹೀರಿ ಬಿಸಿಮಾಡುತ್ತವೆ. ಯಾವುದು ಗೆಲ್ಲುತ್ತದೆ? ಬ್ರಿಟನ್ನಿನ ರಿಚರ್ಡ್ ಬೆಟ್ಸ್ ಅವರು 2000ದಲ್ಲಿ ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಿದಾಗ, ಉತ್ತರದ ಹಲವು ಪ್ರದೇಶಗಳಲ್ಲಿ ಹೊಸದಾಗಿ ಸೂಚಿಪರ್ಣಿಗಳನ್ನು ನೆಟ್ಟರೆ ಬಿಸಿಯ ಭಾಗವೇ ಹೆಚ್ಚಾಗಬಹುದೆಂದು ತಿಳಿದುಬಂದಿತು. 2007ರಲ್ಲಿ, ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ಪ್ರಾಧ್ಯಾಪಕರಾದ ಗೋವಿಂದಸಾಮಿ ಬಾಲ ಅವರೂ ಸಹೋದ್ಯೋಗಿಗಳೂ ಇಡೀ ಭೂಮಂಡಲಕ್ಕೆ ಈ ಲೆಕ್ಕವನ್ನು ವಿಸ್ತರಿಸಿದರು. ಉಷ್ಣವಲಯದ ಕಾಡನ್ನು ಕಡಿದರೆ ಭೂಮಿ ಬಿಸಿಯಾಗುತ್ತದೆ. ಉತ್ತರದ ಕಾಡನ್ನು ಕಡಿದರೆ ತಂಪಾಗುತ್ತದೆ. ನಡುವಣ ಸಮಶೀತೋಷ್ಣ ವಲಯದಲ್ಲಿ ಎರಡೂ ಹೆಚ್ಚು ಕಡಿಮೆ ಸರಿದೂಗುತ್ತವೆ ಎಂಬುದು ಅವರಿಗೆ ದೊರೆತ ಫಲಿತಾಂಶ. ಹಾಗೆಂದು ಭೂಮಿಯನ್ನು ತಂಪುಗೊಳಿಸಲು ಕಾಡು ಕಡಿಯುವುದು ವಿಪರೀತಬುದ್ಧಿಯಾದೀತೆಂದು ಅವರೇ ಎಚ್ಚರಿಸಿದ್ದಾರೆ. ಏಕೆಂದರೆ ಹವೆಯನ್ನು ಕಾಪಾಡಬೇಕೆಂಬ ಪ್ರಯತ್ನವೇ ಜೀವಸಂಕುಲವನ್ನು ಉಳಿಸುವುದಕ್ಕಾಗಿ.

ಅದೇ ಸಂಸ್ಥೆಯಿಂದ 2015ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಕನ್ನಡಿಗರು ಕಿವಿಗೊಟ್ಟು ಕೇಳಬೇಕಾದುದು. ಎನ್. ದೇವರಾಜು, ಬಾಲ ಮತ್ತು ಅಂಶುಮಾನ್ ಮೋದಕ್ ಅವರು, ಮಧ್ಯ ಮತ್ತು ಉತ್ತರ ಅಕ್ಷಾಂಶಗಳ ಕಾಡು ಅಳಿದರೆ ಮಳೆಗೆ ಏನಾಗುವುದೆಂದು ಪರಿಶೀಲಿಸಿದರು. ಕಪ್ಪು ಕಾಡಿನ ಸ್ಥಾನದಲ್ಲಿ ಬಿಳಿಯ ಬಯಲು ಬಂದು ಉತ್ತರ ಗೋಳಾರ್ಧ ತಂಪಾದಾಗ, ಭೂಮಧ್ಯರೇಖೆಯ ಬಳಿ ಮಳೆಮೋಡಗಳು ಕೂಡುವ ಪಟ್ಟಿ ದಕ್ಷಿಣಕ್ಕೆ ಸರಿಯುತ್ತದೆ. ಅದರೊಡನೆ ಉತ್ತರ ಗೋಳಾರ್ಧದ ಮಾನ್ಸೂನುಗಳೆಲ್ಲ ಸೊರಗುತ್ತವೆ; ಹೆಚ್ಚು ಪೆಟ್ಟು ಬೀಳುವುದು ದಕ್ಷಿಣ ಏಷ್ಯಕ್ಕೆ. ಅವರ ಲೆಕ್ಕದಲ್ಲಿ ಭಾರತದ ಮಳೆ ಶೇಕಡಾ 18ರಷ್ಟು ಇಳಿಯಿತು. ಸ್ಥಳೀಯವಾಗಿ ಕಾಡು ಕಡಿದುದರ ಪರಿಣಾಮಕ್ಕಿಂತ ದೂರದ ಕಾಡು ಕಡಿದುದರ ಪರಿಣಾಮವೇ ಮಿಗಿಲಾಗಿತ್ತು. ಇದು ಕಾಡನ್ನೆಲ್ಲ ಒಮ್ಮೆಗೇ ಅಳಿಸಿ ನೋಡುವ ಕಲ್ಪಿತ ಪ್ರಯೋಗವೆಂಬುದನ್ನು ಮರೆಯಬಾರದು; ಆದರೂ ಸೈಬೀರಿಯದ ಸೂಜಿಯೆಲೆಗೂ ನಮ್ಮ ಹೊಲದ ಮಳೆಗೂ ಸಂಬಂಧವೇ ಇಲ್ಲವೆಂದು ಇನ್ನು ಯಾರೂ ಹೇಳುವಂತಿಲ್ಲ.

ಲೆಕ್ಕ ಇಲ್ಲಿಗೇ ಮುಗಿದಿಲ್ಲ. ಪೈನ್ ಕಾಡಿನ ಪರಿಮಳಕ್ಕೆ ಕಾರಣವಾದ ಟರ್ಪೀನ್ ಎಂಬ ಆವಿಗಳು ಗಾಳಿಯಲ್ಲಿ ಮಾರ್ಪಟ್ಟು ಅತಿಸೂಕ್ಷ್ಮ ಕಣಗಳಾಗುತ್ತವೆ; ಆ ಕಣಗಳ ಸುತ್ತ ಮೋಡದ ಹನಿಗಳು ಕಟ್ಟಿಕೊಳ್ಳುತ್ತವೆ; ಹನಿಗಳು ಹೆಚ್ಚಿದಷ್ಟೂ ಮೋಡ ಬೆಳ್ಳಗಾಗಿ ಬಿಸಿಲನ್ನು ಹಿಂದಕ್ಕೆ ತಳ್ಳುತ್ತದೆ. ಫಿನ್‌ಲೆಂಡಿನ ಹ್ಯೂತಿಯಾಲ ಎಂಬಲ್ಲಿ 1995ರಲ್ಲಿ ಸ್ಥಾಪಿತವಾದ ಕೇಂದ್ರದಲ್ಲಿ ಮಾರ್ಕು ಕುಲ್ಮಾಲ ಮತ್ತು ಅವರ ತಂಡ ಈ ಕಣಗಳ ಹುಟ್ಟನ್ನು ಅಳೆಯುತ್ತ ಬಂದಿದೆ. ಎಲೆಯಿಂದ ನುಂಗಿದ ಬೆಳಕಿನಲ್ಲಿ ಒಂದು ಪಾಲನ್ನು ಕಾಡು ತನ್ನ ಉಸಿರಿನಿಂದ ಹಿಂದಿರುಗಿಸುತ್ತದೆಂದು ಹೇಳಬಹುದು. ಇನ್ನು ಲಾರ್ಚ್ ಮರ ಶಂಕುಧಾರಿಯಾಗಿದ್ದೂ ಶರತ್ಕಾಲದಲ್ಲಿ ಸೂಜಿಗಳನ್ನು ಉದುರಿಸಿಬಿಡುತ್ತದೆ. ಸೈಬೀರಿಯದ ಬಹುಭಾಗ ಅದರದೇ ಆದುದರಿಂದ ಅಲ್ಲಿನ ಲೆಕ್ಕ ಕೆನಡಾದ ಲೆಕ್ಕವಲ್ಲ. ಕಾಳ್ಗಿಚ್ಚು ಬಿದ್ದಲ್ಲಿ ಮತ್ತೊಂದು ಲೆಕ್ಕ. ಅಲಾಸ್ಕದಲ್ಲಿ ಸುಟ್ಟ ಸ್ಪ್ರೂಸ್ ಕಾಡಿನ ಜಾಗದಲ್ಲಿ ಹಿಮ ದಶಕಗಳ ಕಾಲ ಬಯಲಾಗಿ ನಿಂತು, ಬೆಂಕಿಯು ಹೊರಚೆಲ್ಲಿದ ಅನಿಲಗಳ ಬಿಸಿಯನ್ನು ಮೀರಿಸುವಷ್ಟು ತಂಪನ್ನು ತರಬಲ್ಲುದೆಂದು 2006ರ ಅಧ್ಯಯನವೊಂದು ತೋರಿಸಿದೆ.

ಉತ್ತರದ ಈ ವಿಚಾರವನ್ನು ಓದಿ, ಗಿಡ ನೆಡುವುದೇ ತಪ್ಪಂತೆ ಎಂದು ನಮ್ಮಲ್ಲಿ ಯಾರಾದರೂ ಹೇಳಿದರೆ ಅದು ಅರ್ಧ ಓದಿದವರ ಮಾತು. ಇಲ್ಲಿ ಮರದ ಕೆಳಗೆ ಹಿಮವಿಲ್ಲ. ಹುಲ್ಲುನೆಲಕ್ಕೂ ಕಾಡಿಗೂ ಪ್ರತಿಫಲನಾಂಶದ ಅಂತರ ಶೇಕಡಾ 75ಕ್ಕೂ 11ಕ್ಕೂ ಇರುವ ಅಂತರದಂತಲ್ಲ, ನೂರರಲ್ಲಿ ಹತ್ತರ ಆಸುಪಾಸಿನದು. ಸೂರ್ಯ ನೆತ್ತಿಯ ಮೇಲಿರುತ್ತಾನೆ, ನೆಲ ಹೆಪ್ಪುಗಟ್ಟುವುದಿಲ್ಲ. ನೀರು ದೊರೆತಾಗ ಹೊಂಗೆಯಾಗಲಿ ಮಾವಾಗಲಿ ತಾನು ಹೀರಿದ ಬಿಸಿಲಿನ ಬಹುಪಾಲನ್ನು ನೀರನ್ನು ಆವಿಯಾಗಿಸುವುದರಲ್ಲಿ ವೆಚ್ಚ ಮಾಡುತ್ತದೆ. ಒಂದು ಕಿಲೋಗ್ರಾಂ ನೀರು ಎಲೆಯಿಂದ ಆವಿಯಾಗಿ ಹೋಗುವಾಗ ಸುಮಾರು 24 ಲಕ್ಷ ಜೂಲ್ ಶಾಖವನ್ನು ತನ್ನೊಡನೆ ಕೊಂಡೊಯ್ಯುತ್ತದೆ. ಮಾರ್ಚ್ ತಿಂಗಳ ಸ್ಪ್ರೂಸ್ ಮರಕ್ಕೆ ಈ ದಾರಿ ಮುಚ್ಚಿರುತ್ತದೆ.